ಕಣ್ಣಿನ ವೈದ್ಯನ ಲೆಕ್ಕಪುಸ್ತಕ

ವಾಡಿ ಜಂಕ್ಷನ್ನಿನಲ್ಲಿ ಹೈದರಾಬಾದ್ ಕಡೆಯ ಗಾಡಿಗೆ ಕಾಯುವವರ ನಡುವೆ ಕಣ್ಣಿನ ರೋಗಿಗಳು ಒಬ್ಬಿಬ್ಬರಾದರೂ ಇರುತ್ತಾರೆ. ಮಗನ ತೋಳು ಹಿಡಿದ ಮುದುಕ, ಸೆರಗಿನಿಂದ ಒಂದು ಕಣ್ಣು ಮುಚ್ಚಿಕೊಂಡ ಹೆಂಗಸು, ಕಲ್ಲಿನ ಚೂರು ಸಿಡಿದು ಕಣ್ಣು ಕೆಂಪಾದ ಶಹಾಬಾದಿನ ಗಣಿಯ ಹುಡುಗ. ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡತೊಡಗಿದ್ದು 1874ರಲ್ಲಿ. ಚಿತ್ತಾಪುರ, ಸೇಡಂ ಎರಡೂ ಆ ಹಳಿಯ ಮೇಲೆಯೇ ಇವೆ. ರೈಲಿಲ್ಲದ ಚಿಂಚೋಳಿಯವರು ಬಸ್ಸಿನಲ್ಲಿ ತಾಂಡೂರಿಗೆ ಹೋಗಿ ಗಾಡಿ ಹತ್ತುತ್ತಾರೆ. 1956ರಲ್ಲಿ ನಾವು ಬೇರೆ ರಾಜ್ಯದವರಾದೆವು. ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜುಗಳೂ ಬಂದವು. ಆದರೂ ದೊಡ್ಡ ಕಾಯಿಲೆಗೆ ಪೂರ್ವದ ದಾರಿ ಹಿಡಿಯುವ ರೂಢಿ ಪೂರ್ತಿ ಹೋಗಿಲ್ಲ.

ಈ ಜನ ಯಾವ ವೈದ್ಯರ ಬಳಿ ಹೋಗಬೇಕೆಂದು ಹೇಗೆ ತೀರ್ಮಾನಿಸುತ್ತಾರೆ? ಹೋಗಿಬಂದವರ ಮಾತಿನಿಂದ. ನಾವು ನಮ್ಮ ಖಾಲಾರನ್ನು ಕರೆದೊಯ್ದದ್ದೂ ಹಾಗೆಯೇ. ಚಿತ್ತಾಪುರದ ಆ ಹೆಂಗಸಿಗೆ ಎರಡೂ ಕಣ್ಣಿಗೆ ಮೋತಿಬಿಂದು ಬಂದಿತ್ತು. ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಮೂರು ಬಗೆಯ ಮಸೂರಗಳ ದರದ ಹಾಳೆಯನ್ನು ಮುಂದಿಟ್ಟರು. ಅಗ್ಗದ್ದಕ್ಕೂ ದುಬಾರಿಯದಕ್ಕೂ ಅಜಗಜಾಂತರ. ವ್ಯತ್ಯಾಸವೇನೆಂದು ಕೇಳಿದರೆ, ಕೌಂಟರಿನ ಹುಡುಗಿ "ಡಾಕ್ಟರ್ ಸಾಹೇಬರು ನಿಮಗೆ ಇದನ್ನೇ ಬರೆದಿದ್ದಾರೆ" ಎಂದು ವಿದೇಶದ್ದನ್ನು ತೋರಿಸಿದಳು. ಖಾಲಾ ಕೈಬಳೆ ಮಾರಿದರು. ಆ ಮಸೂರ ನಿಜಕ್ಕೂ ಅವರ ಕಣ್ಣಿಗೆ ಉತ್ತಮವಾದದ್ದೇ ಇರಬಹುದು. ವೈದ್ಯರ ಮೇಲೆ ನಾವು ಆರೋಪ ಹೊರಿಸುತ್ತಿಲ್ಲ. ಆದರೆ ತಿಳಿದುಕೊಳ್ಳುವ ದಾರಿ ನಮಗಿರಲಿಲ್ಲ.

ಕಣ್ಣಿನ ವೈದ್ಯನ ಮೇಲೆ ಸಮಾಜ ನಿಗಾ ಇಡಬೇಕೆಂಬುದು ಹೊಸ ವಿಚಾರವಲ್ಲ. ಅರಬ್ಬಿಯಲ್ಲಿ ನೇತ್ರವೈದ್ಯನಿಗೆ ಕಹ್ಹಾಲ್ ಎನ್ನುತ್ತಾರೆ. ಸುರಮಾ ಎಂಬ ಅರ್ಥದ ಕುಹ್ಲ್ ಶಬ್ದದಿಂದ ಬಂದ ಹೆಸರು. ಹಳೆಯ ಮುಸ್ಲಿಂ ನಗರಗಳಲ್ಲಿ ತೂಕ, ಅಳತೆ, ಮಾರುಕಟ್ಟೆಯ ಮೋಸಗಳನ್ನು ನೋಡಿಕೊಳ್ಳಲು ಮುಹ್ತಸಿಬ್ ಎಂಬ ಅಧಿಕಾರಿಯಿದ್ದ. 12ನೇ ಶತಮಾನದಲ್ಲಿ ಅಲ್-ಶೈಝರಿ ಈ ಅಧಿಕಾರಿಗಾಗಿ ಬರೆದ ಕೈಪಿಡಿಯಲ್ಲಿ ರೊಟ್ಟಿ ಸುಡುವವರ, ಕಟುಕರ ಜೊತೆಗೆ ಕಹ್ಹಾಲರ ಪ್ರಸ್ತಾಪವೂ ಇದೆ. ಹುನೈನ್ ಇಬ್ನ್ ಇಸ್ಹಾಕ್ ಕಣ್ಣಿನ ಬಗ್ಗೆ ಬರೆದ ಹತ್ತು ಪ್ರಬಂಧಗಳ ಗ್ರಂಥದಿಂದ ಅವರನ್ನು ಪರೀಕ್ಷಿಸಿ, ಉತ್ತರ ಕೊಟ್ಟವರಿಗೆ ಮಾತ್ರ ಚಿಕಿತ್ಸೆಗೆ ಅನುಮತಿ ನೀಡಬೇಕು ಎನ್ನುತ್ತದೆ ಅದು. ಬೀದಿಬೀದಿ ಅಲೆಯುವ ಕಣ್ಣಿನ ವೈದ್ಯರನ್ನಂತೂ ನಂಬಲೇಬಾರದು. ಪಿಷ್ಟ, ಅಂಟುಗಳಿಗೆ ಬಣ್ಣ ಬೆರೆಸಿ ಔಷಧಿಯೆಂದು ಮಾರುವವರು ಅವರಲ್ಲಿದ್ದಾರೆಂದು ಎಚ್ಚರಿಸುತ್ತದೆ. ಹುನೈನ್ 9ನೇ ಶತಮಾನದ ಬಾಗ್ದಾದಿನ ಕ್ರೈಸ್ತ ವಿದ್ವಾಂಸ. ಅವನ ಗ್ರಂಥ ಮುಸ್ಲಿಂ ನಗರಗಳ ಪರೀಕ್ಷೆಯ ಪಠ್ಯವಾಗಲು ಯಾರಿಗೂ ಅಡ್ಡಿ ಕಾಣಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ನಮ್ಮ ನಾಡಿಗೆ ಬಂದರೆ, ಕಣ್ಣಿನ ವೈದ್ಯನ ಲೆಕ್ಕ ಎಂದೊಡನೆ ನೆನಪಾಗುವವರು ಡಾ. ಎಂ.ಸಿ. ಮೋದಿ. ಬೀಳಗಿಯಲ್ಲಿ ಹುಟ್ಟಿದ ಮುರಿಗೆಪ್ಪ ಚನ್ನವೀರಪ್ಪ ಮೋದಿಯವರು ಊರೂರು ಅಲೆದು ಶಿಬಿರ ನಡೆಸಿ, ಬಡವರ ಕಣ್ಣಿನ ಪೊರೆ ತೆಗೆದರು. 1993ರ ಫೆಬ್ರವರಿಯವರೆಗೆ 46,120 ಹಳ್ಳಿಗಳು, 1,21,18,630 ರೋಗಿಗಳು, 6,10,564 ಶಸ್ತ್ರಚಿಕಿತ್ಸೆಗಳು. ಒಂದೇ ದಿನದಲ್ಲಿ 833. ಗಿನ್ನೆಸ್ ಪುಸ್ತಕಕ್ಕೆ ಸೇರಿದ ಅಂಕಿಗಳಿವು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. 2005ರಲ್ಲಿ ಅವರು ತೀರಿಕೊಂಡರು.

ಆ ಕಾಲದ ಶಿಬಿರವೆಂದರೆ ಶಾಲೆಯ ಕೋಣೆ, ಸಾಲಾಗಿ ಮಲಗಿದ ಮುದುಕ ಮುದುಕಿಯರು, ಕಣ್ಣಿಗೆ ಪಟ್ಟಿ, ಆಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಗಾಜಿನ ಕನ್ನಡಕ. ಅದೇ ಅವರಿಗೆ ಸ್ವರ್ಗ. ಅಂಥ ಸೇವೆಯನ್ನು ಸಣ್ಣದು ಮಾಡುವ ಮನಸ್ಸು ನಮಗಿಲ್ಲ. ಆದರೆ ಈ ಅಂಕಿಗಳಲ್ಲಿ ಕತ್ತರಿ ಆಡಿಸಿದ ಕಣ್ಣುಗಳಿವೆ. ಅವುಗಳಲ್ಲಿ ಎಷ್ಟಕ್ಕೆ ಬೆಳಕು ಬಂತು, ಎಷ್ಟು ಕೆಟ್ಟವು ಎಂಬುದಿಲ್ಲ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಇದೇ ಬಗೆಯಲ್ಲಿ, ಗುರಿ ಇಷ್ಟು, ಸಾಧನೆ ಇಷ್ಟು ಎಂದು ಎಣಿಸಿತು. ಎಣಿಕೆಯೆಲ್ಲ ಶಸ್ತ್ರಚಿಕಿತ್ಸೆಯದೇ.

ದಪ್ಪ ಕನ್ನಡಕ ಹೋಗಿ ಕಣ್ಣಿನೊಳಗೇ ಮಸೂರ ಕೂರಿಸುವ ಪದ್ಧತಿ ಬಂದಾಗ ಇನ್ನೊಂದು ಲೆಕ್ಕ ಹುಟ್ಟಿತು. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಮಸೂರ ಕೂರಿಸಿದ್ದರು. ನಮ್ಮಲ್ಲಿಗೆ ಅದು ಬರುವಾಗ ಆಮದಿನ ಒಂದು ಮಸೂರಕ್ಕೆ ನೂರು ಡಾಲರಿನ ಆಸುಪಾಸು ಬೆಲೆಯಿತ್ತು. ಮಧುರೈಯಲ್ಲಿ 1992ರಲ್ಲಿ ಆರಂಭವಾದ ಅರೋಲ್ಯಾಬ್ ಅದನ್ನು ಹತ್ತು ಡಾಲರಿನ ಆಸುಪಾಸಿಗೆ ಇಳಿಸಿತು. ಬಡವರ ಪಾಲಿಗೆ ಇದು ದೊಡ್ಡ ಕ್ರಾಂತಿ. ಆದರೆ ದುಬಾರಿ ಮಸೂರಗಳು ಮಾಯವಾಗಲಿಲ್ಲ. ಒಂದೇ ಮೇಜಿನ ಮೇಲೆ ಹಲವು ಕಂಪನಿ, ಹಲವು ಬೆಲೆ. ಆಯ್ಕೆ ಮಾಡುವವರು ವೈದ್ಯರು, ದುಡ್ಡು ಕೊಡುವವನು ರೋಗಿ. ಕಂಪನಿ ಯಾರನ್ನು ಒಲಿಸಿಕೊಳ್ಳಬೇಕೆಂಬುದು ವ್ಯಾಪಾರ ಬಲ್ಲವರಿಗೆ ಗೊತ್ತು. ಹೃದಯದ ಸ್ಟೆಂಟಿಗೆ, ಮೊಣಕಾಲಿನ ಕೃತಕ ಕೀಲಿಗೆ 2017ರಲ್ಲಿ ಸರ್ಕಾರ ಬೆಲೆಯ ಮಿತಿ ಹಾಕಿತು. ಆಗ ಕಣ್ಣಿನ ಮಸೂರ ಆ ಪಟ್ಟಿಗೆ ಸೇರಲಿಲ್ಲ.

ಅಮೆರಿಕದಲ್ಲಿ ಈ ಸಂಬಂಧವನ್ನು ಬಯಲಿಗೆಳೆಯುವ ಕಾನೂನು 2010ರಲ್ಲಿ ಬಂತು. ಅದಕ್ಕಾಗಿ ಹೋರಾಡಿದ ಸೆನೆಟರುಗಳು ಗ್ರಾಸ್ಲಿ ಮತ್ತು ಕೋಲ್. (ಕೋಲ್ ಎಂದರೆ ಇಂಗ್ಲಿಷಿನಲ್ಲಿ ಸುರಮಾ, ಅವರ ಮನೆತನದ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ನಮಗೆ ನಗು ಬಂತು.) ಔಷಧಿ ಮತ್ತು ಸಾಧನಗಳ ಕಂಪನಿಗಳು ವೈದ್ಯರಿಗೆ ಕೊಟ್ಟ ಊಟ, ಪ್ರವಾಸ, ಭಾಷಣದ ಸಂಭಾವನೆ, ಸಲಹೆಯ ಶುಲ್ಕ ಎಲ್ಲವನ್ನೂ ಹೆಸರು ಸಹಿತ ಸರ್ಕಾರಕ್ಕೆ ತಿಳಿಸಬೇಕು, ಸರ್ಕಾರ ಅದನ್ನು ಎಲ್ಲರಿಗೂ ತೆರೆದಿಡಬೇಕು. ಮೊದಲ ಪಟ್ಟಿ ಹೊರಬಿದ್ದದ್ದು 2014ರ ಸೆಪ್ಟೆಂಬರ್ 30ರಂದು.

ಅದೇ ವರ್ಷದ ಏಪ್ರಿಲ್‌ನಲ್ಲಿ, ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ಯಾವ ವೈದ್ಯರಿಗೆ ಯಾವ ಚಿಕಿತ್ಸೆಗೆ ಎಷ್ಟು ಕೊಟ್ಟಿತೆಂಬ ಲೆಕ್ಕವೂ ಪ್ರಕಟವಾಗಿತ್ತು. ವೈದ್ಯರು 1979ರಲ್ಲಿ ನ್ಯಾಯಾಲಯದಿಂದ ತಂದಿದ್ದ ತಡೆಯಾಜ್ಞೆ 2013ರಲ್ಲಿ ತೆರವಾದ ಮೇಲೆ ಇದು ಸಾಧ್ಯವಾಯಿತು. ಪಟ್ಟಿಯ ತುದಿಯಲ್ಲಿದ್ದವರು ಫ್ಲಾರಿಡಾದ ಕಣ್ಣಿನ ವೈದ್ಯ ಸಾಲೊಮನ್ ಮೆಲ್ಗೆನ್. 2012ರ ಒಂದೇ ವರ್ಷದಲ್ಲಿ ಸುಮಾರು 2.1 ಕೋಟಿ ಡಾಲರ್. ಅವರ ಮೇಲಿನ ತನಿಖೆ ಅದಕ್ಕೂ ಮೊದಲೇ ಶುರುವಾಗಿತ್ತು. ಇಲ್ಲದ ರೋಗ ಬರೆದು ಬಿಲ್ಲು ಮಾಡಿದ ವಂಚನೆಗಾಗಿ 2017ರಲ್ಲಿ ತಪ್ಪಿತಸ್ಥರೆಂದು ತೀರ್ಪಾಗಿ, 2018ರಲ್ಲಿ 17 ವರ್ಷದ ಸಜೆಯಾಯಿತು. 2021ರಲ್ಲಿ ಅಧ್ಯಕ್ಷ ಟ್ರಂಪ್ ಆ ಸಜೆಯನ್ನು ಕಡಿತಗೊಳಿಸಿದರು. ಅದು ಬೇರೆ ಕತೆ. ಹಾಗೆಂದು ಪಟ್ಟಿಯಲ್ಲಿ ದೊಡ್ಡ ಮೊತ್ತವಿರುವ ವೈದ್ಯರೆಲ್ಲ ಕಳ್ಳರಲ್ಲ. ಅಕ್ಷಿಪಟಲಕ್ಕೆ ಚುಚ್ಚುವ ಒಂದು ಔಷಧಿಯ ಬೆಲೆಯೇ ಅಲ್ಲಿ ಸುಮಾರು ಎರಡು ಸಾವಿರ ಡಾಲರ್ ಇತ್ತು. ವೈದ್ಯರ ಹೆಸರಿನಲ್ಲಿ ಕಾಣುವ ಹಣದ ಬಹುಪಾಲು ಕಂಪನಿಗೇ ಹೋಗಿರಬಹುದು. ಆದರೆ ಅದೇ ಕೆಲಸಕ್ಕೆ ಬಳಸುವ ಇನ್ನೊಂದು ಔಷಧಿ ಸುಮಾರು ಐವತ್ತು ಡಾಲರಿಗೆ ಸಿಗುತ್ತಿತ್ತು. ಇದು ಯಾಕೆ, ಅದು ಯಾಕಲ್ಲ ಎಂದು ಕೇಳಲು ಅಲ್ಲಿಯ ರೋಗಿಯ ಕೈಯಲ್ಲಿ ಒಂದು ಕಾಗದವಾದರೂ ಇದೆ.

ನಮ್ಮಲ್ಲಿ ಕಾನೂನೇ ಇಲ್ಲವೆಂದಲ್ಲ. ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಿಗೆ 2009ರ ಡಿಸೆಂಬರಿನಲ್ಲಿ ಸೇರಿಸಿದ ಭಾಗ, ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ, ನಗದು ಪಡೆಯಬಾರದೆಂದು ಹೇಳಿತು. ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ 2022ರ ಫೆಬ್ರವರಿ 22ರಂದು ಸುಪ್ರೀಂ ಕೋರ್ಟು, ಇಂಥ ಉಡುಗೊರೆಯ ಖರ್ಚಿಗೆ ಕಂಪನಿ ತೆರಿಗೆ ವಿನಾಯಿತಿ ಕೇಳುವಂತಿಲ್ಲ ಎಂದಿತು. ಆ ಖರ್ಚು ಕೊನೆಗೆ ಔಷಧಿಯ ಬೆಲೆಯಲ್ಲಿ ಸೇರಿ ರೋಗಿಯ ತಲೆಗೇ ಬರುತ್ತದೆಂದೂ ಹೇಳಿತು. 2023ರ ಆಗಸ್ಟಿನಲ್ಲಿ ವೈದ್ಯಕೀಯ ಆಯೋಗ ಹೊಸ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. 2024ರ ಮಾರ್ಚಿನಲ್ಲಿ ಔಷಧಿ ಮಾರಾಟಕ್ಕೆ ಏಕರೂಪದ ಸಂಹಿತೆ ಬಂತು. ಎಲ್ಲವೂ 'ತೆಗೆದುಕೊಳ್ಳಬೇಡ, ಕೊಡಬೇಡ' ಎನ್ನುತ್ತವೆ. ಯಾವ ಕಂಪನಿ ಯಾವ ವೈದ್ಯರಿಗೆ ಎಷ್ಟು ಕೊಟ್ಟಿತೆಂದು ಸೇಡಂನ ರೈತನೊಬ್ಬ ತೆರೆದು ನೋಡಬಹುದಾದ ಪಟ್ಟಿಯನ್ನು ಮಾತ್ರ ಯಾವುದೂ ಕೊಡಲಿಲ್ಲ. ಸರ್ಕಾರಿ ದವಾಖಾನೆಯಲ್ಲಿ ಎಷ್ಟು ಶಸ್ತ್ರಚಿಕಿತ್ಸೆಯಾಯಿತೆಂದು 2005ರ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕೇಳಬಹುದು. ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಆ ಅರ್ಜಿ ನಡೆಯುವುದಿಲ್ಲ.

ಖಾಲಾರ ಕಣ್ಣು ಈಗ ಚೆನ್ನಾಗಿದೆ. ಸೂಜಿಗೆ ತಾವೇ ದಾರ ಪೋಣಿಸುತ್ತಾರೆ. ಆಸ್ಪತ್ರೆಯವರು ಕೊಟ್ಟ ಮಸೂರದ ಚೀಟಿಯನ್ನು ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾರೆ. ಈದಿಗೆ ಹೋದಾಗ ಅದನ್ನು ತೆಗೆದು, ಇಂಗ್ಲಿಷಿನಲ್ಲಿ ಏನು ಬರೆದಿದೆ ಓದು ಎಂದರು. ಮಸೂರದ ನಂಬರು, ಕಂಪನಿಯ ಹೆಸರು ಓದಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಖಾಲಾ ಕೇಳಿದರು: "ಈ ಕಂಪನಿಯವರು ಡಾಕ್ಟರ್ ಸಾಹೇಬರಿಗೆ ಏನಾಗಬೇಕು?"