ಮೂರು ವರ್ಷದ ಮೇಲೆ ಬಂದ ತೋಡಿ

1992ರಲ್ಲಿ ತರೀಕೆರೆಯಿಂದ ಅಜ್ಜಂಪುರಕ್ಕೆ ಬರೋ ನಮ್ಮ ಬಸ್ಸಿನಲ್ಲಿ ಒಂದೇ ಕ್ಯಾಸೆಟ್ಟು, ‘ಜೀವನ ಚೈತ್ರ’. ಆಗ ಅಜ್ಜಂಪುರ ಇನ್ನೂ ತರೀಕೆರೆ ತಾಲ್ಲೂಕಿಗೇ ಸೇರಿತ್ತು. ಕಚೇರಿ ಕೆಲಸ ಅಂದ್ರೆ ಆ ಬಸ್ಸೇ ಗತಿ. ‘ನಾದಮಯ’ ಹಾಡು ಶುರುವಾದರೆ ಈರುಳ್ಳಿ ರೇಟಿನ ಮಾತು ನಿಂತುಹೋಗ್ತಿತ್ತು.

1989ರ ‘ಪರಶುರಾಮ್’ ಆದಮೇಲೆ ರಾಜ್‌ಕುಮಾರ್ ತೆರೆಗೆ ಬಂದೇ ಇರಲಿಲ್ಲ. ಕಡೂರಿನಲ್ಲಿದ್ದ ನಮ್ಮ ಸೋದರಮಾವ, ‘ಅಣ್ಣಾವ್ರು ಇನ್ನು ಬಣ್ಣ ಹಚ್ಚಲ್ಲ ಕಣೋ’ ಅಂತ ತೀರ್ಪೇ ಕೊಟ್ಟಿದ್ದರು. ಅದರಲ್ಲಿ ತಪ್ಪೂ ಇರಲಿಲ್ಲ. 1987ರ ‘ಪ್ರೇಮಲೋಕ’ದಿಂದ ಈಚೆಗೆ ಹಂಸಲೇಖರ ಹಾಡುಗಳು ಬೀದಿಬೀದಿಯಲ್ಲಿ. ಅರವತ್ಮೂರರ ನಾಯಕ ಈಗ ಏನು ಹಾಡಬೇಕು?

ಹಳೇ ಬಳಗವೇ ಮತ್ತೆ ಕೂಡಿತು. ‘ಕಸ್ತೂರಿ ನಿವಾಸ’, ‘ಎರಡು ಕನಸು’ ಮಾಡಿದ್ದ ದೊರೈ-ಭಗವಾನ್ ಜೋಡಿಯ ನಿರ್ದೇಶನ, ಉಪೇಂದ್ರ ಕುಮಾರ್ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ. ಕಥೆ ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ‘ವ್ಯಾಪ್ತಿ ಪ್ರಾಪ್ತಿ’ ಕಾದಂಬರಿಯದು. ಹಳ್ಳಿಯಿಂದ ಸಾರಾಯಿ ಓಡಿಸೋ ಹಿರಿಯನ ಪಾತ್ರ. ಇವರು ಹೊಸಬರ ಧಾಟಿಗೆ ಪೈಪೋಟಿ ಕೊಡಲು ಹೋಗಲೇ ಇಲ್ಲ. ಬದಲಿಗೆ ತೋಡಿ ರಾಗವನ್ನು ಕೈಗೆತ್ತಿಕೊಂಡರು! ಸುಲಭಕ್ಕೆ ಒಲಿಯೋ ರಾಗವಲ್ಲ ಅದು, ಮದುವೆಮನೆ ಮೈಕಿನಲ್ಲಿ ಹಾಕೋ ಹಾಡೂ ಅಲ್ಲ.

ಈ ಧೈರ್ಯದ ಬೇರು ಹಿಂದೆ ಇದೆ. ಗುಬ್ಬಿ ಕಂಪನಿಯ ಕಾಲದಲ್ಲಿ ನಟನಾದವನು ತನ್ನ ಹಾಡನ್ನು ತಾನೇ ಹಾಡಬೇಕು, ಕೊನೇ ಸಾಲಿನವನಿಗೂ ಕೇಳಬೇಕು. ಮುತ್ತುರಾಜ ಬೆಳೆದದ್ದು ಅಲ್ಲಿ. ಸಿನಿಮಾಕ್ಕೆ ಬಂದಮೇಲೆ ಆ ಗಂಟಲಿಗೆ ಕೆಲಸವೇ ಕಮ್ಮಿ; ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ಅವರೇ ರಾಜ್ ದನಿ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ‘ಯಾರೇ ಕೂಗಾಡಲಿ’ ಅಂದಮೇಲೆ ಕಥೆ ಬದಲಾಯಿತು. ಅದಾಗಿ ಹದಿನೆಂಟು ವರ್ಷಕ್ಕೆ ‘ನಾದಮಯ’. ನನ್ನ ಮಟ್ಟಿಗೆ ಅದು ಕಂಪನಿ ನಾಟಕದ ಉಸಿರೇ, ಹಿಮಾಲಯದ ತಂಪಿನಲ್ಲಿ ಕೇಳಿಸಿತು ಅಷ್ಟೆ.

ಆ ವರ್ಷದ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಈ ಹಾಡಿಗೇ ಬಂತು. ಕನ್ನಡ ಹಾಡಿಗೆ ಇದೇ ಮೊದಲು ಅಂತ ಕೆಲವರು ಹೇಳ್ತಾರೆ, ಅದು ಸರಿಯಲ್ಲ. ‘ಹಂಸಗೀತೆ’ಗೆ ಬಾಲಮುರಳಿಕೃಷ್ಣ, ‘ಕಾಡು ಕುದುರೆ’ಗೆ ನಮ್ಮ ಪಕ್ಕದ ಶಿವಮೊಗ್ಗದ ಸುಬ್ಬಣ್ಣ ಮುಂಚೆಯೇ ಪಡೆದಿದ್ದರು. ಆದರೆ ತೆರೆ ಮೇಲೆ ತಾನೇ ನಾಯಕನಾಗಿ ನಿಂತು, ತನ್ನ ದನಿಗೇ ಆ ಪ್ರಶಸ್ತಿ ತಂದುಕೊಳ್ಳೋದು ಬೇರೆ ಮಾತು.

ಉದಯಶಂಕರ್ 1993ರಲ್ಲಿ ತೀರಿಕೊಂಡರು. ಆ ವರ್ಷವೇ ‘ಆಕಸ್ಮಿಕ’ ಬಂತು, ಹಾಡುಗಳು ಹಂಸಲೇಖರದು. ನಮ್ಮ ಬಸ್ಸಿನ ಕ್ಯಾಸೆಟ್ಟೂ ಬದಲಾಯಿತು. ಮಾವ ಮಾತ್ರ ‘ಜೀವನ ಚೈತ್ರ’ವನ್ನು ಎರಡನೇ ಸಲ ನೋಡಿಬಂದು, ತಮ್ಮ ಹಳೇ ತೀರ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ.