ಸರಪಳಿ ಉಜ್ಜು ಸದ್ದು (ಬೈಸಿಕಲ್)

ಸರಪಳಿ ಉಜ್ಜು ಸದ್ದು ಎಂದರೆ ಗೇರುಳ್ಳ ಬೈಸಿಕಲ್ಲನ್ನು ತುಳಿಯುವಾಗ ಸರಪಳಿಯು (ಚೈನ್) ತಾನು ಮುಟ್ಟಬಾರದ ಭಾಗವೊಂದಕ್ಕೆ ತಗಲುವುದರಿಂದ ಹುಟ್ಟುವ ನಿರಂತರ ಕರಕರ ಶಬ್ದ. ರೋಡ್ ಬೈಕ್ ಎಂದು ಕರೆಯಲಾಗುವ, ತೆಳು ಟೈರು ಮತ್ತು ಬಾಗಿದ ಹಿಡಿಕೆಯ ಹಗುರ ಬೈಸಿಕಲ್ಲುಗಳಲ್ಲಿ, ಅದರಲ್ಲೂ ಕೊಂಡ ಮೊದಲ ಕೆಲವು ವಾರಗಳಲ್ಲಿ, ಇದು ಅತಿ ಸಾಮಾನ್ಯ ದೂರು. ಬಹುಪಾಲು ಸಂದರ್ಭಗಳಲ್ಲಿ ಇದು ತಯಾರಿಕೆಯ ದೋಷವಲ್ಲ, ಹೊಂದಾಣಿಕೆಯ ಕೊರತೆ. ಆದರೆ ಎಲ್ಲ ಸದ್ದನ್ನೂ ಹೀಗೆ ಹಗುರವಾಗಿ ಪರಿಗಣಿಸುವಂತಿಲ್ಲ.

ಹಿನ್ನೆಲೆ

ಇಂದಿನ ಬೈಸಿಕಲ್ ಸರಪಳಿಯ ಮೂಲರೂಪವಾದ ಉರುಳೆ ಸರಪಳಿಯನ್ನು ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದನು. 1885ರ ರೋವರ್ ಸೇಫ್ಟಿ ಬೈಸಿಕಲ್ಲಿನಿಂದ ಮುಂದೆ ಹಿಂದಿನ ಚಕ್ರವನ್ನು ಸರಪಳಿಯಿಂದ ತಿರುಗಿಸುವ ಕ್ರಮ ನೆಲೆಗೊಂಡಿತು. ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ತಳ್ಳುವ ಡಿರೇಲರ್ ಎಂಬ ಸಾಧನಕ್ಕೆ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಅನುಮತಿ ದೊರೆತದ್ದು 1937ರಲ್ಲಿ.

ಕರ್ನಾಟಕದ ಹಳ್ಳಿಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಹೀರೋ, ಅಟ್ಲಾಸ್, ರ‍್ಯಾಲಿ ಮೊದಲಾದ ಒಂದೇ ಗೇರಿನ ಸೈಕಲ್ಲುಗಳಲ್ಲಿಯೂ ಸರಪಳಿ ಉಜ್ಜುತ್ತಿತ್ತು. ಅಲ್ಲಿ ಅದು ಉಜ್ಜುತ್ತಿದ್ದುದು ತಗಡಿನ ಚೈನ್ ಕವರಿಗೆ. ಸರಪಳಿ ಸಡಿಲಗೊಂಡು ಜೋತಾಗ ಕವರಿನ ತಳಕ್ಕೆ ಬಡಿಯುತ್ತಿತ್ತು. ಹಿಂದಿನ ಚಕ್ರದ ನಟ್ಟುಗಳನ್ನು ಸಡಿಲಿಸಿ ಚಕ್ರವನ್ನು ತುಸು ಹಿಂದಕ್ಕೆಳೆದರೆ ಅಥವಾ ನೆಗ್ಗಿದ ತಗಡನ್ನು ಕೈಯಿಂದ ಹೊರಕ್ಕೆ ಬಾಗಿಸಿದರೆ ಸದ್ದು ನಿಲ್ಲುತ್ತಿತ್ತು. ಆ ಉಪಾಯ ಬಲ್ಲ ಹಿರಿಯರು ಹೊಸ ಬೈಕಿನಲ್ಲಿಯೂ ಮೊದಲು ಚಕ್ರಕ್ಕೇ ಕೈಹಾಕುವುದುಂಟು. ಡಿರೇಲರ್ ಇರುವಲ್ಲಿ ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಸರಪಳಿಯ ಸಡಿಲವನ್ನು ಹಿಂದಿನ ಡಿರೇಲರಿನ ಸ್ಪ್ರಿಂಗೇ ಎಳೆದುಕೊಳ್ಳುತ್ತದೆ.

ಕಾರಣಗಳು

ರೋಡ್ ಬೈಕಿನಲ್ಲಿ ಸಾಮಾನ್ಯವಾಗಿ ಮುಂದೆ ಎರಡು ಹಲ್ಲುಚಕ್ರಗಳೂ (ಉದಾಹರಣೆಗೆ 50 ಮತ್ತು 34 ಹಲ್ಲಿನವು) ಹಿಂದೆ ಎಂಟರಿಂದ ಹನ್ನೆರಡು ಹಲ್ಲುಚಕ್ರಗಳ ಗೊಂಚಲೂ (ಕ್ಯಾಸೆಟ್) ಇರುತ್ತವೆ. ಮುಂದಿನ ಡಿರೇಲರ್ ಎರಡು ಲೋಹದ ತಟ್ಟೆಗಳ ಪಂಜರ. ಅದರ ನಡುವೆ ಸರಪಳಿ ಹಾದುಹೋಗುತ್ತದೆ. ಹನ್ನೊಂದು ಗೇರಿನ ಸರಪಳಿಯ ಅಗಲ ಸುಮಾರು 5.6 ಮಿ.ಮೀ. ತಟ್ಟೆಗೂ ಸರಪಳಿಗೂ ನಡುವೆ ಇರಬೇಕಾದ ಅಂತರ ಕೆಲವೆಡೆ ಅರ್ಧ ಮಿಲಿಮೀಟರಿನಷ್ಟೇ ಆಗಿರುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ ಕೇಬಲ್ ಕೂದಲೆಳೆಯಷ್ಟು ಸಡಿಲವಾದರೂ ಸದ್ದು ಹುಟ್ಟುತ್ತದೆ.

ಹೊಸ ಬೈಕಿನಲ್ಲಿ ಆಗುವುದು ಇದೇ. ಕೇಬಲ್ ಹಿಗ್ಗಿತು ಎಂದು ಆಡುಮಾತಿನಲ್ಲಿ ಹೇಳುತ್ತಾರಾದರೂ, ನಿಜವಾಗಿ ಹೆಚ್ಚಿನ ಪಾಲು ಕೇಬಲ್ಲಿನ ಹೊರಕವಚದ ತುದಿಗಳು ತಮ್ಮ ಟೋಪಿಗಳಲ್ಲಿ ಒತ್ತಿ ಕೂರುವುದರಿಂದ ಈ ಸಡಿಲ ಉಂಟಾಗುತ್ತದೆ. ಆಗ ಮುಂದಿನ ಡಿರೇಲರ್ ದೊಡ್ಡ ಹಲ್ಲುಚಕ್ರದ ಕಡೆಗೆ ಪೂರ್ತಿ ಹೊರಳದೆ ಉಳಿಯುತ್ತದೆ, ಪಂಜರದ ಹೊರತಟ್ಟೆ ಸರಪಳಿಗೆ ತಾಗುತ್ತದೆ.

ಇನ್ನೊಂದು ಕಾರಣ ಸವಾರನ ಆಯ್ಕೆ. ಮುಂದಿನ ದೊಡ್ಡ ಚಕ್ರದೊಡನೆ ಹಿಂದಿನ ಅತಿ ದೊಡ್ಡ ಚಕ್ರವನ್ನೋ, ಸಣ್ಣದರೊಡನೆ ಅತಿ ಸಣ್ಣದನ್ನೋ ಬಳಸಿದರೆ ಸರಪಳಿ ಓರೆಯಾಗಿ ಓಡುತ್ತದೆ. ಮೊದಲನೆಯದರಲ್ಲಿ ಒಳತಟ್ಟೆಗೂ ಎರಡನೆಯದರಲ್ಲಿ ಹೊರತಟ್ಟೆಗೋ ದೊಡ್ಡ ಚಕ್ರದ ಒಳಮೈಗೋ ಅದು ತಗಲುವುದು ಸಹಜ. ಈ ಎರಡು ಜೋಡಣೆಗಳಲ್ಲಿ ಮಾತ್ರ ಸದ್ದಾದರೆ ದುರಸ್ತಿಗಿಂತ ಗೇರು ಬದಲಿಸುವುದೇ ಸರಿಯಾದ ಪರಿಹಾರ. ಅನೇಕ ಶಿಫ್ಟರುಗಳಲ್ಲಿ ಪಂಜರವನ್ನು ಅರ್ಧ ಹೆಜ್ಜೆ ಸರಿಸುವ ಟ್ರಿಮ್ ಸೌಲಭ್ಯವಿದೆ. ಲಿವರನ್ನು ಪೂರ್ತಿ ತಳ್ಳದೆ ಮೆಲ್ಲಗೆ ಒತ್ತಿದರೆ ಒಂದು ಸಣ್ಣ ಕ್ಲಿಕ್ ಕೇಳುತ್ತದೆ. ಇದನ್ನು ಅರಿಯದೆ ಅಂಗಡಿಗೆ ಅಲೆಯುವವರು ಬಹಳ.

ಪತ್ತೆಹಚ್ಚುವ ಕ್ರಮ

ತೀರ್ಥಹಳ್ಳಿಯಿಂದ ಕವಲೇದುರ್ಗದ ಕಡೆಗಿನ ರಸ್ತೆಯಂತಹ ಏರಿಳಿತದ ದಾರಿಯಲ್ಲಿ ಮುಂದಿನ ಗೇರನ್ನು ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ. ಬಯಲುಸೀಮೆಯಲ್ಲಿ ತಿಂಗಳುಗಟ್ಟಲೆ ಅಡಗಿರಬಹುದಾದ ದೋಷ ಇಲ್ಲಿ ಒಂದೇ ಬೆಳಿಗ್ಗೆ ಹೊರಬೀಳುತ್ತದೆ. (ಕೆಳದಿ ನಾಯಕರ ಈ ಕೋಟೆಗೆ ಸೈಕಲ್ ಏರುವುದಿಲ್ಲ. ಅದನ್ನು ಕೆಳಗೇ ಬಿಟ್ಟು ಗದ್ದೆಬಯಲು ದಾಟಿ ಕಲ್ಲುಹಾಸಿನ ದಾರಿಯಲ್ಲಿ ನಡೆಯಬೇಕು.) ಆದರೆ ಪರೀಕ್ಷೆಯನ್ನು ನಿಂತಲ್ಲಿಯೇ ಮಾಡುವುದು ಲೇಸು. ಹಿಂದಿನ ಚಕ್ರ ನೆಲಬಿಡುವಂತೆ ಬೈಕನ್ನು ಎತ್ತಿ ನಿಲ್ಲಿಸಿ, ಪೆಡಲನ್ನು ಕೈಯಿಂದ ತಿರುಗಿಸುತ್ತ ಒಂದೊಂದು ಗೇರಿನಲ್ಲಿಯೂ ಆಲಿಸಬೇಕು.

ಪೆಡಲು ನಿಲ್ಲಿಸಿದ ಮೇಲೂ ಚಕ್ರ ತಿರುಗುವಷ್ಟು ಹೊತ್ತು ಉಜ್ಜುವ ಸದ್ದು ಮುಂದುವರಿದರೆ ಅದು ಸರಪಳಿಯದಲ್ಲ. ಬ್ರೇಕಿನ ಪ್ಯಾಡು ರಿಮ್ಮಿಗೋ ಡಿಸ್ಕಿಗೋ ತಾಗುತ್ತಿರಬಹುದು. ಫ್ರೀವೀಲಿನ ಟಿಕ್ ಟಿಕ್ ಸದ್ದನ್ನು ಇದರೊಂದಿಗೆ ಬೆರೆಸಬಾರದು. ಪೆಡಲಿನ ಪ್ರತಿ ಸುತ್ತಿಗೊಮ್ಮೆ ಮಾತ್ರ ಕೇಳಿದರೆ ಮುಂದಿನ ಹಲ್ಲುಚಕ್ರ ಸೊಟ್ಟಾಗಿರಬೇಕು, ಇಲ್ಲವೇ ಡಿರೇಲರಿನ ಕೇಬಲ್ಲಿನ ಉದ್ದ ತುದಿ ಹೊರಚಾಚಿ ಕ್ರ್ಯಾಂಕಿಗೆ ಹೊಡೆಯುತ್ತಿರಬೇಕು. ಈ ಎರಡನೆಯದು ಹೊಸ ಬೈಕಿನಲ್ಲಿ ವಿರಳವೇನಲ್ಲ, ತುದಿಯನ್ನು ಬಾಗಿಸಿದರೆ ಮುಗಿಯಿತು. ಎರಡು ಮೂರು ಸುತ್ತಿಗೊಮ್ಮೆ ಟಕ್ಕೆಂದರೆ ಸರಪಳಿಯ ಒಂದು ಕೊಂಡಿ ಬಿಗಿದಿದೆ ಎಂದರ್ಥ. ನಿಂತಾಗ ಮೌನವಿದ್ದು, ಏರಿನಲ್ಲಿ ಎದ್ದು ನಿಂತು ತುಳಿದಾಗ ಮಾತ್ರ ಕೇಳಿದರೆ ಭಾರಕ್ಕೆ ಕ್ರ್ಯಾಂಕ್ ಮತ್ತು ಚೌಕಟ್ಟು ಬಳುಕುತ್ತಿವೆ. ಪಂಜರದ ಅಂತರವನ್ನು ಆಗ ತುಸು ಹೆಚ್ಚಿಸಬೇಕಾಗುತ್ತದೆ.

ಸದ್ದು ನಿರಂತರವಾಗಿದ್ದು, ಮುಂದೆ ದೊಡ್ಡ ಚಕ್ರ ಹಾಗೂ ಹಿಂದೆ ಸಣ್ಣ ಚಕ್ರವಿದ್ದಾಗ ಹೊರತಟ್ಟೆ ಉಜ್ಜಿದರೆ ಕೇಬಲ್ ಸಡಿಲವಾಗಿದೆ. ಹೊಂದಿಸುವ ಬ್ಯಾರೆಲನ್ನು ಕಾಲು ಸುತ್ತು ಹೊರಕ್ಕೆ ಬಿಚ್ಚಿದಂತೆ ಕೇಬಲ್ ಬಿಗಿಯಾಗುತ್ತದೆ. ಮುಂದೆ ಸಣ್ಣ ಚಕ್ರ, ಹಿಂದೆ ಅತಿ ದೊಡ್ಡ ಚಕ್ರವಿದ್ದಾಗ ಒಳತಟ್ಟೆ ಉಜ್ಜಿದರೆ ಒಳಮಿತಿಯ ತಿರುಪನ್ನು (ಎಲ್ ಎಂದು ಗುರುತಿಸಿರುವುದು) ಸ್ವಲ್ಪ ಸಡಿಲಿಸಬೇಕು. ಅದನ್ನು ಅತಿಯಾಗಿ ಸಡಿಲಿಸಿದರೆ ಸರಪಳಿ ಕಳಚಿ ಚೌಕಟ್ಟಿನ ಮೇಲೆ ಬೀಳುತ್ತದೆ. ತಿರುಪುಗಳನ್ನು ಮುಟ್ಟುವ ಮೊದಲು ಪಂಜರವು ಹಲ್ಲುಚಕ್ರಕ್ಕೆ ಸಮಾಂತರವಾಗಿದೆಯೇ, ದೊಡ್ಡ ಚಕ್ರದ ಹಲ್ಲುಗಳಿಂದ 1ರಿಂದ 3 ಮಿ.ಮೀ. ಮೇಲಿದೆಯೇ ಎಂದು ನೋಡಿಕೊಳ್ಳಬೇಕು. ಅಲ್ಲಿ ತಪ್ಪಿದ್ದರೆ ತಿರುಪುಗಳಿಂದ ಅದು ಸರಿಹೋಗದು.

ಅಪಾಯದ ಲಕ್ಷಣ

ಮುಂದಿನ ಪಂಜರದ ಉಜ್ಜುವಿಕೆ ಕಿವಿಗೆ ಕಿರಿಕಿರಿ, ತಟ್ಟೆಗೆ ಸವೆತ, ಅಷ್ಟೆ. ಹಿಂದಿನದು ಹಾಗಲ್ಲ. ಹಿಂದಿನ ಡಿರೇಲರ್ ತೂಗುವ ಹ್ಯಾಂಗರ್ ಬಹುತೇಕ ಮೆದು ಅಲ್ಯೂಮಿನಿಯಮ್ಮಿನದು. ಪೆಟ್ಟಿಗೆಯಲ್ಲಿ ದೂರದಿಂದ ಸಾಗಿ ಬಂದ ಬೈಕಿನಲ್ಲಿ ಅದು ಒಳಕ್ಕೆ ಬಾಗಿರುವ ಸಾಧ್ಯತೆಯುಂಟು. ಆಗ ಅತಿ ಹಗುರ ಗೇರಿನಲ್ಲಿ, ಅಂದರೆ ಹಿಂದಿನ ದೊಡ್ಡ ಚಕ್ರದಲ್ಲಿ, ಡಿರೇಲರ್ ಕಡ್ಡಿಗಳಿಗೆ ತಾಗಿ ಟಿಣ್ ಟಿಣ್ ಎನ್ನುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವವನೋ, ಹುಲಿಕಲ್ ಘಾಟಿ ಏರುವವನೋ ಬಳಸುವುದು ಇದೇ ಗೇರನ್ನು. ಡಿರೇಲರ್ ಕಡ್ಡಿಗಳ ನಡುವೆ ಸಿಕ್ಕಿಕೊಂಡರೆ ಚಕ್ರ ಒಮ್ಮೆಲೇ ಬಿಗಿಹಿಡಿದು, ಹ್ಯಾಂಗರ್ ಮುರಿದು, ಹಿಂದೆ ವಾಹನವಿರುವ ತಿರುವಿನಲ್ಲಿ ಸವಾರ ಉರುಳುತ್ತಾನೆ. ಈ ಸದ್ದು ಕೇಳಿದೊಡನೆ ಇಳಿಯಬೇಕು, ಹಿಂದಿನ ಒಳಮಿತಿಯ ತಿರುಪು ಸರಿಯಾಗುವವರೆಗೆ ಆ ಗೇರನ್ನು ಬಳಸಕೂಡದು. ಬಾಗಿದ ಹ್ಯಾಂಗರನ್ನು ಅಳೆದು ನೇರಮಾಡಲು ಪ್ರತ್ಯೇಕ ಉಪಕರಣವಿದೆ. ಕಣ್ಣಂದಾಜಿನಲ್ಲಿ ಬಾಗಿಸುವುದು ಸಲ್ಲದು.

ಮಳೆಗಾಲ

ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಸರಪಳಿಯ ಎಣ್ಣೆ ಬೇಗ ತೊಳೆದುಹೋಗುತ್ತದೆ. ಒಣಗಿದ ಸರಪಳಿ ಎಲ್ಲ ಗೇರುಗಳಲ್ಲಿಯೂ ಒಂದೇ ಸಮನೆ ಚೀರುತ್ತದೆ. ಉಜ್ಜು ಸದ್ದಾದರೋ ಗೇರಿನಿಂದ ಗೇರಿಗೆ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ತಿರುಪು ತಿರುಗಿಸಿದರೆ ಸರಿಯಿದ್ದ ಹೊಂದಾಣಿಕೆಯೂ ಕೆಡುತ್ತದೆ. ಮೊದಲು ಬಟ್ಟೆಯಿಂದ ಕೆಂಪುಮಣ್ಣಿನ ಕೆಸರನ್ನು ಒರೆಸಿ, ಪ್ರತಿ ಉರುಳೆಗೂ ಒಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದುದನ್ನು ಒರೆಸಿ ತೆಗೆದು ನಂತರ ಆಲಿಸಬೇಕು.