ಅರಳೆಯ ಎಳೆಯೂ ಅದರ ಒರೆಗಲ್ಲುಗಳೂ: ಒಂದು ಸಮೀಕ್ಷೆ

ಹಟ್ಟಿ ಎಂದೊಡನೆ ಕನ್ನಡಿಗರ ಮನಸ್ಸಿಗೆ ಚಿನ್ನವು ಹೊಳೆಯುವುದು ಸಹಜ. ಆದರೆ ಆ ಹೆಸರಿನ ಮೂರ್ಧನ್ಯಾಕ್ಷರವು ದಂತ್ಯವಾದರೆ ಸಾಕು, ಅದು ಹತ್ತಿಯಾಗುವುದು; ಮತ್ತು ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಎರೆಹೊಲಗಳನ್ನು ಉತ್ತು ಬಾಳುವ ಒಕ್ಕಲು ಮಕ್ಕಳಿಗೆ ಬಂಗಾರವೆಂದರೆ ನೆಲದಾಳದ ಹಳದಿ ಲೋಹಕ್ಕಿಂತ ನೆಲದ ಮೇಲೆ ಬಿರಿಯುವ ಈ ಬಿಳಿಯ ಅರಳೆಯೇ ಹೆಚ್ಚು ಸಮೀಪದ್ದು. ಚಿನ್ನವನ್ನರಸುತ್ತ ಬಂದ ಬೀಡನ್ ಎಂಬ ಗಣಿ ಇಂಜಿನಿಯರನು 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡನೆಂಬುದು ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಒಂದನ್ನು ಹುಡುಕುವವನಿಗೆ ಇನ್ನೊಂದು ದೊರೆಯುವ ಈ ನ್ಯಾಯವು ಹತ್ತಿಯ ಎಳೆಯ ಸಂಶೋಧನೆಯ ಇತಿಹಾಸಕ್ಕೂ ಸಲ್ಲುವಂತಹುದು. ಚಿನ್ನಕ್ಕೆ ಶುದ್ಧಿಯೊಂದೇ ಗುಣ, ಒರೆಗಲ್ಲೂ ಒಂದೇ. ಹತ್ತಿಗಾದರೋ ಗುಣಗಳು ಹಲವು. ಯಾವ ಕಾಲಕ್ಕೆ ಯಾವ ಗುಣವು ಬೇಕಾಯಿತೋ ಆ ಕಾಲವು ಅದಕ್ಕೆ ತಕ್ಕ ಒರೆಗಲ್ಲನ್ನು ಕಡೆದುಕೊಂಡಿತು.

ಎಳೆಯ ಸ್ವರೂಪವನ್ನು ಮೊದಲು ತಿಳಿಯಬೇಕು. ಹತ್ತಿಯ ಒಂದೊಂದು ಎಳೆಯೂ ಬೀಜದ ಹೊರಪದರದಿಂದ ಬೆಳೆದುಬಂದ ಒಂದೇ ಒಂದು ಜೀವಕೋಶ. ಹೂವು ಅರಳಿದ ಬಳಿಕ ಸುಮಾರು ಮೂರು ವಾರಗಳ ಕಾಲ ಅದು ಉದ್ದಕ್ಕೆ ಬೆಳೆಯುವುದು; ಅನಂತರ ಕೊಳವೆಯಂತಿರುವ ಅದರ ಒಳಗೋಡೆಯ ಮೇಲೆ ಸೆಲ್ಯುಲೋಸಿನ ಪದರಗಳು ಒಂದರ ಮೇಲೊಂದು ಕೂಡುತ್ತ ಬರುವುವು. ಕಾಯಿ ಬಿರಿದು ಬಿಸಿಲು ತಗಲಿದಾಗ ಕೊಳವೆಯು ಒಣಗಿ, ಚಪ್ಪಟೆಯಾಗಿ, ತನ್ನಷ್ಟಕ್ಕೆ ಸುರುಳಿಸುತ್ತಿಕೊಳ್ಳುವುದು. ಈ ಹುರಿಯೇ ಎಳೆಯನ್ನು ಎಳೆಯು ಹಿಡಿದುಕೊಳ್ಳುವಂತೆ ಮಾಡಿ ನೂಲನ್ನು ಸಾಧ್ಯವಾಗಿಸಿದೆ. ಉಣ್ಣೆಯೂ ರೇಷ್ಮೆಯೂ ನೆನೆದಾಗ ಬಲಗುಂದಿದರೆ ಹತ್ತಿಯು ನೆನೆದಾಗ ಇನ್ನಷ್ಟು ಬಲಗೊಳ್ಳುವುದು. ಒಗೆಯುವ ಕಲ್ಲಿನ ಏಟನ್ನು ನಮ್ಮ ಸೀರೆ ಧೋತರಗಳು ತಲೆಮಾರುಗಳಿಂದ ತಾಳಿಕೊಂಡು ಬಂದಿರುವುದರ ರಹಸ್ಯವು ಇದೇ.

ಯಂತ್ರಗಳು ಬರುವ ಮೊದಲು ಎಳೆಯ ಪರೀಕ್ಷಕನು ಬೆರಳೇ ಆಗಿದ್ದಿತು. ಒಂದು ಚಿಟಿಕೆ ಅರಳೆಯನ್ನು ಎರಡೂ ಕೈಗಳ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಎಳೆದು, ಮತ್ತೆ ಜೋಡಿಸಿ, ಎಳೆಗಳನ್ನು ಸಮನಾಗಿ ಸಾಲುಗೊಳಿಸಿ ಉದ್ದವನ್ನು ಅಂದಾಜು ಮಾಡುವ ಕೌಶಲವು ಅಡತಿಯ ಅಂಗಡಿಗಳಲ್ಲಿ ಪರಂಪರೆಯಿಂದ ಬಂದ ವಿದ್ಯೆ. ರಾಯಚೂರು, ಬಳ್ಳಾರಿಗಳ ಕಡೆಯ ಗಿಡ್ಡೆಳೆಯ ಜವಾರಿ ಹತ್ತಿಗೆ ‘ವೆಸ್ಟರ್ನ್ಸ್’ ಎಂದೂ, ಧಾರವಾಡದ ಕಡೆಯದಕ್ಕೆ ಅದು ಹಡಗನ್ನೇರುತ್ತಿದ್ದ ಬಂದರಿನಿಂದ ‘ಕುಮಟಾ’ ಎಂದೂ ವ್ಯಾಪಾರಿಗಳು ಹೆಸರಿಟ್ಟುದು ಇಂತಹ ಕೈಯಳತೆಯ ಕಾಲದಲ್ಲಿಯೇ.

ಆದರೆ ಲ್ಯಾಂಕಶೈರಿನ ಗಿರಣಿಗಳು ಬೇಡುತ್ತಿದ್ದುದು ಉದ್ದನೆಯ ಎಳೆಯನ್ನು. ಆ ಬೇಡಿಕೆಯ ಬಲದಿಂದ 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದ ಬೀಜವನ್ನು ಧಾರವಾಡ ಪ್ರಾಂತಕ್ಕೆ ತಂದು ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನಲ್ಲಿ ಪ್ರಯೋಗವನ್ನು ನಡೆಸಿದರು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಜಿ. ಎಲ್. ಕೊಟ್ಟೂರರು ಕುಮಟಾ ಹತ್ತಿಯನ್ನೇ ಕೈಗೆತ್ತಿಕೊಂಡು, ಆಯ್ಕೆ ಸಂಕರಗಳಿಂದ ಅದನ್ನು ಪರಿಷ್ಕರಿಸಿ, ಸೊರಗು ರೋಗವನ್ನು ತಡೆಯಬಲ್ಲ ‘ಜಯವಂತ’ ತಳಿಯನ್ನು ರೈತರಿಗೆ ನೀಡಿದರು. ಮುಂದೆ ಬಂದ ‘ಜಯಧರ’ವೂ ಇದೇ ಪರಂಪರೆಗೆ ಸೇರಿದುದು.

ತಳಿಯನ್ನು ಸೃಷ್ಟಿಸಿದವನಿಗೆ ಅದು ಎಂತಹ ನೂಲನ್ನು ಕೊಡುವುದೆಂದು ಹೇಳುವವರು ಬೇಕಷ್ಟೆ. 1921ರಲ್ಲಿ ರೂಪುಗೊಂಡ ಭಾರತೀಯ ಕೇಂದ್ರ ಹತ್ತಿ ಸಮಿತಿಯು 1924ರಲ್ಲಿ ಮುಂಬಯಿಯ ಮಾತುಂಗದಲ್ಲಿ ತಾಂತ್ರಿಕ ಪ್ರಯೋಗಾಲಯವನ್ನು ಸ್ಥಾಪಿಸಿ ಈ ಕೊರತೆಯನ್ನು ನೀಗಿಸಿತು. ದೇಶದ ನಾನಾ ಕ್ಷೇತ್ರಗಳಿಂದ ಬಂದ ಮಾದರಿಗಳನ್ನು ಅಲ್ಲಿ ನೂತು, ನಿಯತವಾದ ಬಲವನ್ನು ಉಳಿಸಿಕೊಂಡು ಯಾವ ನಂಬರಿನವರೆಗೆ ಸಾಗಬಲ್ಲುದೆಂಬುದನ್ನು ನಿರ್ಣಯಿಸುತ್ತಿದ್ದರು. ಒಂದು ಪೌಂಡು ತೂಕಕ್ಕೆ 840 ಗಜದ ಲಡಿಗಳು ಎಷ್ಟಾಗುವುವೋ ಅದೇ ನೂಲಿನ ನಂಬರು. ನಂಬರು ಏರಿದಷ್ಟೂ ನೂಲು ನಯ. ಈ ಪ್ರಯೋಗಾಲಯದ ಟರ್ನರ್, ಗುಲಾಟಿ ಎಂಬ ವಿದ್ವಾಂಸರು ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಉಳಿದಿದ್ದ ಬಟ್ಟೆಯ ಚೂರನ್ನು ಪರೀಕ್ಷಿಸಿ, ಅದು ಹತ್ತಿಯೇ ಎಂದೂ, ಭಾರತದ ಒರಟು ಹತ್ತಿಗಳನ್ನು ಹೋಲುವುದೆಂದೂ ತೋರಿಸಿಕೊಟ್ಟರು. ನಾಲ್ಕು ಸಹಸ್ರ ವರ್ಷಗಳ ಹಿಂದಣ ನೇಕಾರನ ಹತ್ತಿಯು ನಮ್ಮ ಹೊಲಗಳ ಜವಾರಿ ಹತ್ತಿಯ ಬಂಧುವೆಂಬ ಈ ನಿರ್ಣಯವು, ಗಿರಣಿಯ ಸೇವೆಗೆಂದು ಹುಟ್ಟಿದ ವಿದ್ಯೆಯು ಚರಿತ್ರೆಗೆ ಅರ್ಪಿಸಿದ ಕಾಣಿಕೆ.

ಇತ್ತ ವಿದೇಶಗಳಲ್ಲಿ ಒಂದೊಂದು ಗುಣಕ್ಕೆ ಒಂದೊಂದು ಉಪಕರಣವು ಉದಯಿಸುತ್ತಿದ್ದಿತು. ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆಯ ಪಿಯರ್ಸನು 1926ರಲ್ಲಿ, ನೂಲಿನ ಬಲವು ಅದರ ಸರಾಸರಿ ಬಲವಲ್ಲ, ಅದರ ಅತ್ಯಂತ ದುರ್ಬಲ ಸ್ಥಾನದ ಬಲವೆಂಬ ಸೂತ್ರವನ್ನು ಗಣಿತದಿಂದ ನಿರೂಪಿಸಿದನು. 1940ರ ಸುಮಾರಿಗೆ ಅಮೆರಿಕದ ಹರ್ಟೆಲನು ಬೆಳಕಿನ ಸಹಾಯದಿಂದ ಎಳೆಯ ಉದ್ದವನ್ನಳೆಯುವ ಫೈಬ್ರೋಗ್ರಾಫನ್ನೂ, ತರುವಾಯ ಪ್ರೆಸ್ಲಿಯು ಎಳೆಗಳ ಚಪ್ಪಟೆ ಕಟ್ಟನ್ನು ಹರಿದು ಬಲವನ್ನು ನಿರ್ಣಯಿಸುವ ಸಾಧನವನ್ನೂ ರಚಿಸಿದರು. ಬಲಿಯದ ಎಳೆಯು ಗಂಟಾಗುವುದು, ಬಣ್ಣವನ್ನು ಸರಿಯಾಗಿ ಹಿಡಿಯದು. ಅದನ್ನು ಗುರುತಿಸಲು ನೂರಕ್ಕೆ 18ರ ಪ್ರಮಾಣದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಲಿತ ಎಳೆಯು ಉಬ್ಬಿ ಕಡ್ಡಿಯಂತಾಗುವುದು, ಬಲಿಯದುದು ಪಟ್ಟಿಯಂತೆಯೇ ಉಳಿಯುವುದು.

ಇವೆಲ್ಲವುಗಳಲ್ಲಿ ಹೆಚ್ಚು ಬಳಕೆಗೆ ಬಂದುದು ಮೈಕ್ರೊನೇರ್. ನಿಗದಿಯಾದ ತೂಕದ ಅರಳೆಯನ್ನು ಅದುಮಿ ಅದರ ಮೂಲಕ ಗಾಳಿಯನ್ನು ಹಾಯಿಸಿದರೆ, ನಯವಾದ ಎಳೆಗಳು ಗಾಳಿಯನ್ನು ಹೆಚ್ಚು ತಡೆಯುವುವು. ಆದರೆ ಬಲಿಯದ ಎಳೆಗಳೂ ಹಾಗೆಯೇ ತಡೆಯುವುವು. ಜಾತಿಯಿಂದಲೇ ನಯವಾದ ಹತ್ತಿಯೂ, ನೀರಿಲ್ಲದೆ ಅಥವಾ ರೋಗದಿಂದ ಅರೆಬಲಿತ ಹತ್ತಿಯೂ ಒಂದೇ ಅಂಕವನ್ನು ಪಡೆಯಬಹುದು; ಒಂದು ಉತ್ಕೃಷ್ಟ, ಇನ್ನೊಂದು ಸದೋಷ. ಅಂಕವು ಸುಳ್ಳನ್ನಾಡದಿದ್ದರೂ ತಾನಾಗಿಯೇ ಸಂಪೂರ್ಣ ಸತ್ಯವನ್ನು ನುಡಿಯಲಾರದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನವು ಬೇಕಿಲ್ಲ.

1947ರ ದೇಶವಿಭಜನೆಯಿಂದ ಸಿಂಧ್, ಪಶ್ಚಿಮ ಪಂಜಾಬುಗಳ ಉತ್ತಮ ಹತ್ತಿಯ ಭೂಮಿಯು ಗಡಿಯಾಚೆಗೆ ಸೇರಿದಾಗ ನಮ್ಮ ಗಿರಣಿಗಳು ಉದ್ದೆಳೆಗಾಗಿ ಹಂಬಲಿಸತೊಡಗಿದುವು. ಕರ್ನಾಟಕದಲ್ಲಿ ‘ಲಕ್ಷ್ಮಿ’ ತಳಿಯು ಹಬ್ಬಿದುದು ಈ ಕಾಲದಲ್ಲಿ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಇದೇ ಲಕ್ಷ್ಮಿಯನ್ನು ಬಾರ್ಬಡೆನ್ಸ್ ಜಾತಿಯ ಹತ್ತಿಯೊಡನೆ ಕೂಡಿಸಿ ‘ವರಲಕ್ಷ್ಮಿ’ಯನ್ನು ಪಡೆದರು. ಎರಡು ಭಿನ್ನ ಜಾತಿಗಳ ಸಂಕರವೊಂದು ರೈತರ ಹೊಲಕ್ಕೆ ಬೆಳೆಯಾಗಿ ಬಂದುದು ಒಂದು ಮಹತ್ಸಾಧನೆ. 1981ರಲ್ಲಿ ಬಂದ ಡಿಸಿಎಚ್ 32, ಅರ್ಥಾತ್ ‘ಜಯಲಕ್ಷ್ಮಿ’ಯು, ಅತ್ಯುದ್ದ ಎಳೆಯ ಹತ್ತಿಗೆ ಕರ್ನಾಟಕವನ್ನು ಹೆಸರುವಾಸಿ ಮಾಡಿತು. ಇವು ಅತ್ಯಂತ ನಯವಾದ ನೂಲನ್ನು ಕೊಟ್ಟುವಾದರೂ ಕಾಯಿಕೊರಕ ಹುಳುವಿಗೆ ಸುಲಭವಾಗಿ ತುತ್ತಾಗುವುದರಿಂದ ಔಷಧಿಯ ಖರ್ಚನ್ನೂ ರೈತನ ಹೆಗಲಿಗೇರಿಸಿದುವು. 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯು ಆ ಭಾರವನ್ನು ಕೆಲಕಾಲ ತಗ್ಗಿಸಿತಾದರೂ ಗುಲಾಬಿ ಕಾಯಿಕೊರಕವು ಅದನ್ನೂ ಜಯಿಸಿತು.

ಈಚಿನ ದಿನಗಳಲ್ಲಿ ಉದ್ದ, ಬಲ, ನಯ, ಬಣ್ಣ, ಕಸ ಇವೆಲ್ಲವನ್ನೂ ಕೆಲವೇ ನಿಮಿಷಗಳಲ್ಲಿ ಅಳೆಯುವ ಎಚ್‌ವಿಐ ಯಂತ್ರಗಳು ಬಂದಿವೆ. ಮಾತುಂಗದ ಸಂಸ್ಥೆಯ ಪರೀಕ್ಷಾ ಘಟಕವೊಂದು ಧಾರವಾಡದಲ್ಲಿಯೂ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸಿದ್ಧವಾಗುವ ರಾಷ್ಟ್ರಧ್ವಜದ ಖಾದಿಯು ಎಳೆಗಳ ಎಣಿಕೆ, ಬಲ, ಬಣ್ಣದ ದಾರ್ಢ್ಯಗಳ ಪರೀಕ್ಷೆಯಲ್ಲಿ ಉತ್ತೀರ್ಣವಾಗದೆ ಕಂಬವನ್ನೇರುವಂತಿಲ್ಲ. ಉಪಯೋಗದ ದೃಷ್ಟಿಯಿಂದ ನೋಡಿದರೆ ಹಳೆಯ ತಾರತಮ್ಯವೂ ಸಡಿಲುತ್ತಿದೆ. ನಯವಾದ ಸೀರೆಗೆ ಒದಗದ ಗಿಡ್ಡೆಳೆಯ ಒರಟು ಹತ್ತಿಯು ಗಾಯಕ್ಕೆ ಕಟ್ಟುವ ಹತ್ತಿಗೂ, ಜಮಖಾನ ಹಾಸಿಗೆಗಳಿಗೂ ಯೋಗ್ಯವಾದುದು. ಅಷ್ಟೇ ಅಲ್ಲದೆ ಮಳೆಯನ್ನೇ ನಂಬಿದ ಎರೆಹೊಲದಲ್ಲಿ ಅಲ್ಪ ಖರ್ಚಿನಿಂದ ಬರಗಾಲವನ್ನು ತಾಳಿ ನಿಲ್ಲುವಂತಹುದು. ಉದ್ದವೊಂದನ್ನೇ ಅಳೆದ ಶತಮಾನವು ಅದನ್ನು ಕೀಳೆಂದು ಬಗೆಯಿತು. ಬಳಕೆಯನ್ನೂ ನೆಲವನ್ನೂ ಕೂಡಿಸಿ ಅಳೆದರೆ ಅದರ ಬೆಲೆಯು ಬೇರೆಯಾಗಿಯೇ ಕಾಣುವುದು.

ಆದುದರಿಂದ ಮುಂದಿನ ಸಂಶೋಧನೆಯು ಯಂತ್ರವನ್ನು ಇನ್ನೂ ಸೂಕ್ಷ್ಮಗೊಳಿಸುವುದರೊಡನೆ, ಅದರ ತೀರ್ಪನ್ನು ಬೆಳೆದವನ ಕೈಗೆ ಮುಟ್ಟಿಸುವ ಹೊಣೆಯನ್ನೂ ಹೊರಬೇಕು. ತನ್ನ ಅರಳೆಯ ಉದ್ದವೆಷ್ಟು, ಬಲವೆಷ್ಟು ಎಂಬುದನ್ನು ಮಾರುವ ಮೊದಲೇ ತಿಳಿದವನು ಮಾರುಕಟ್ಟೆಯಲ್ಲಿ ಬೇಡುವವನಾಗಿ ನಿಲ್ಲದೆ ಸಮನಾಗಿ ನಿಲ್ಲಬಲ್ಲನು. ಏಕೆಂದರೆ ಪರೀಕ್ಷೆಯು ಪ್ರಯೋಗಾಲಯದಲ್ಲಿ ಮೊದಲಾಗುವುದಿಲ್ಲ. ಇಬ್ಬನಿಯಾರುವವರೆಗೆ ಕಾದು, ಉಡಿ ಕಟ್ಟಿಕೊಂಡು ಸಾಲಿಗಿಳಿಯುವ ಮಸ್ಕಿಯ ಹೊಲದ ಹೆಣ್ಣುಮಗಳು, ಬಿಳಿಯ ಅರಳೆಯನ್ನು ಒಂದು ಕಡೆಗೂ ಹುಳು ತಿಂದ ಕೌಡಿಯನ್ನು ಇನ್ನೊಂದು ಕಡೆಗೂ ಬೇರ್ಪಡಿಸುವಾಗ, ತೇವ, ಪಕ್ವತೆ, ಬಣ್ಣ, ಕಸ ಎಂಬ ನಾಲ್ಕು ಪರೀಕ್ಷೆಗಳನ್ನು ತನ್ನ ಬೆರಳುಗಳಿಂದಲೇ ಮಾಡಿ ಮುಗಿಸಿರುವಳು. ಆಕೆಯ ಕೈಯು ಕೆಡಿಸಿದುದನ್ನು ಯಾವ ಯಂತ್ರವೂ ಸರಿಪಡಿಸಲಾರದು. ಆಕೆಯ ಕೈಯು ಕಾಪಾಡಿದುದನ್ನು ಯಂತ್ರಗಳೆಲ್ಲವೂ ಕೇವಲ ದೃಢಪಡಿಸುವುವು.